ಹಾಕಿ ಸ್ಟಿಕ್: ಬಾಗು ಎಷ್ಟಿರಬೇಕು, ಎಲ್ಲಿರಬೇಕು?

ಬೆಂಗಳೂರು: 2024ರ ಆಗಸ್ಟ್ 8ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚಿನ ಪದಕದ ಪಂದ್ಯದಲ್ಲಿ ಭಾರತ ಪುರುಷರ ಹಾಕಿ ತಂಡ 2-1ರಿಂದ ಸ್ಪೇನ್ ತಂಡವನ್ನು ಮಣಿಸಿತು. ಭಾರತದ ಎರಡೂ ಗೋಲುಗಳು ಬಂದದ್ದು ಪೆನಾಲ್ಟಿ ಕಾರ್ನರ್‌ಗಳಿಂದ. ಎರಡನ್ನೂ ಗಳಿಸಿದವರು ನಾಯಕ ಹರ್ಮನ್‌ಪ್ರೀತ್ ಸಿಂಗ್. ಆ ಕೂಟದಲ್ಲಿ ಒಟ್ಟು 10 ಗೋಲು ಗಳಿಸಿದ ಅವರು ಅಗ್ರ ಸ್ಕೋರರ್ ಎನಿಸಿದರು.

ಇಂತಹ ಗೆಲುವಿನ ಬೆನ್ನಲ್ಲೇ ಹಾಕಿ ಕಲಿಯುವ ಮಕ್ಕಳ ಮನೆಗಳಲ್ಲಿ ಒಂದು ಬೇಡಿಕೆ ಏಳುವುದು ಸಹಜ. ಡ್ರ್ಯಾಗ್ ಫ್ಲಿಕ್ ಪರಿಣತರು ಬಳಸುವಂತಹ, ಕೆಳಭಾಗದಲ್ಲಿ ಎದ್ದು ಕಾಣುವಂತೆ ಬಾಗಿರುವ ಸ್ಟಿಕ್ ತಮಗೂ ಬೇಕು ಎಂಬುದು ಆ ಬೇಡಿಕೆ. ಅಂಗಡಿಗಳಲ್ಲಿ 'ಲೋ ಬೋ' ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಸ್ಟಿಕ್‌ಗಳ ಬೆಲೆ ಸಾಮಾನ್ಯವಾಗಿ ಆರಂಭಿಕರ ಸ್ಟಿಕ್‌ಗಿಂತ ಹಲವು ಪಟ್ಟು ಹೆಚ್ಚು. ಕಷ್ಟಪಟ್ಟು ಹಣ ಹೊಂದಿಸಿ ತಂದ ಸ್ಟಿಕ್ ಕೈಗೆ ಬಂದ ಮೇಲೆ, ಅದುವರೆಗೆ ನೆಲಕ್ಕಂಟಿ ಸಾಗುತ್ತಿದ್ದ ಚೆಂಡು ಹಠಾತ್ತನೆ ಮೊಣಕಾಲ ಎತ್ತರಕ್ಕೆ ಏಳತೊಡಗುತ್ತದೆ. ಅಂಪೈರ್ ಸೀಟಿ ಊದುತ್ತಾರೆ. ತಪ್ಪು ತನ್ನ ಕೈಯದ್ದೋ ಸ್ಟಿಕ್‌ನದ್ದೋ ಎಂದು ಆಟಗಾರನಿಗೆ ತಿಳಿಯುವುದಿಲ್ಲ.

ಅನೇಕ ಸಲ ತಪ್ಪು ಎರಡರದ್ದೂ ಅಲ್ಲ, ಆಯ್ಕೆಯದ್ದು. ಸ್ಟಿಕ್‌ನ ಬಾಗು ಅಲಂಕಾರಕ್ಕಾಗಿ ಇರುವಂಥದ್ದಲ್ಲ. ಒಂದು ಬಗೆಯ ಹೊಡೆತಕ್ಕೆ ನೆರವಾಗುವ ಬಾಗು ಇನ್ನೊಂದು ಬಗೆಯ ಹೊಡೆತಕ್ಕೆ ತೊಡಕಾಗುತ್ತದೆ. ಆದ್ದರಿಂದ ಮೆಚ್ಚಿನ ಆಟಗಾರ ಯಾವ ಸ್ಟಿಕ್ ಹಿಡಿದಿದ್ದಾನೆ ಎಂಬುದಕ್ಕಿಂತ, ಕೊಳ್ಳುವವರು ಒಂದು ಪಂದ್ಯದಲ್ಲಿ ಅತಿ ಹೆಚ್ಚು ಬಾರಿ ಆಡುವ ಹೊಡೆತ ಯಾವುದು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಬಾಗು ಎಂದರೇನು?

ಹಾಕಿ ಸ್ಟಿಕ್‌ನಲ್ಲಿ ಎರಡು ತಿರುವುಗಳಿವೆ. ಒಂದು, ಎಲ್ಲರ ಕಣ್ಣಿಗೂ ಬೀಳುವ ಕೆಳತುದಿಯ ಕೊಕ್ಕೆ. ಇದನ್ನು 'ಹೆಡ್' ಎನ್ನುತ್ತಾರೆ. ಇನ್ನೊಂದು, ಸ್ಟಿಕ್‌ನ ಉದ್ದಕ್ಕೂ ಇರುವ, ಪಕ್ಕದಿಂದ ನೋಡಿದರೆ ಮಾತ್ರ ಗೊತ್ತಾಗುವ ಬಿಲ್ಲಿನಂತಹ ಬಾಗು. ಇದೇ 'ಬೋ'.

ಹಾಕಿಯಲ್ಲಿ ಸ್ಟಿಕ್‌ನ ಎಡಬದಿಯ ಚಪ್ಪಟೆ ಮುಖ ಮತ್ತು ಅದರ ಅಂಚುಗಳಿಂದ ಮಾತ್ರ ಚೆಂಡನ್ನು ಆಡಬಹುದು. ಉಬ್ಬಿರುವ ಹಿಂಬದಿಯಿಂದ ಆಡುವಂತಿಲ್ಲ. ಎಡಗೈ ಆಟಗಾರರಿಗೆಂದು ಬೇರೆ ಸ್ಟಿಕ್ ಇಲ್ಲ. ಈ ಚಪ್ಪಟೆ ಮುಖವನ್ನು ಕೆಳಗೆ ಮಾಡಿ ಸ್ಟಿಕ್ ಅನ್ನು ಮೇಜಿನ ಮೇಲಿಟ್ಟರೆ ಹಿಡಿಯ ತುದಿ ಮತ್ತು ಹೆಡ್ ಮೇಜನ್ನು ಮುಟ್ಟುತ್ತವೆ. ನಡುವೆ ಸಂದು ಉಳಿಯುತ್ತದೆ. ಆ ಸಂದು ಅತಿ ಹೆಚ್ಚು ಇರುವ ಕಡೆ ಮೇಜಿನಿಂದ ಸ್ಟಿಕ್‌ನ ಮುಖಕ್ಕಿರುವ ಅಂತರವೇ ಬಾಗಿನ ಆಳ.

ಸ್ಟಿಕ್ ಆರಿಸುವಾಗ ಎರಡು ಅಳತೆಗಳನ್ನು ಗಮನಿಸಬೇಕು. ಬಾಗು ಎಷ್ಟು ಆಳವಿದೆ ಎಂಬುದು ಮೊದಲನೆಯದು. ಆ ಆಳ ಹೆಡ್‌ನ ತುದಿಯಿಂದ ಎಷ್ಟು ದೂರದಲ್ಲಿದೆ ಎಂಬುದು ಎರಡನೆಯದು. ಬಹಳಷ್ಟು ಮಂದಿ ಮೊದಲನೆಯದನ್ನು ಮಾತ್ರ ಕೇಳುತ್ತಾರೆ. ವಾಸ್ತವವಾಗಿ ಆಟದಲ್ಲಿ ಹೆಚ್ಚು ವ್ಯತ್ಯಾಸ ತರುವುದು ಎರಡನೆಯದು.

ಮರದಿಂದ ಕಾರ್ಬನ್‌ವರೆಗೆ

ಒಂದು ಕಾಲದಲ್ಲಿ ಹಾಕಿ ಸ್ಟಿಕ್ ಎಂದರೆ ಹಿಪ್ಪುನೇರಳೆ ಮರದ್ದು. ಪಂಜಾಬಿನ ಜಲಂಧರ್ ಹಾಗೂ ಪಾಕಿಸ್ತಾನದ ಸಿಯಾಲ್‌ಕೋಟ್ ನಗರಗಳು ಈ ಉದ್ಯಮದ ತವರು. ಹಿಪ್ಪುನೇರಳೆ ಮರವನ್ನು ಬಿಸಿ ಮಾಡಿ ಬಿಗಿಯಾಗಿ ಬಗ್ಗಿಸಲು ಸಾಧ್ಯವಾಗಿದ್ದರಿಂದಲೇ ಉದ್ದನೆಯ ಇಂಗ್ಲಿಷ್ ಶೈಲಿಯ ಹೆಡ್‌ನ ಜಾಗದಲ್ಲಿ ಗಿಡ್ಡನೆಯ ಹೆಡ್ ಬಂತು. ಚೆಂಡನ್ನು ಎಡಕ್ಕೂ ಬಲಕ್ಕೂ ಚಕಚಕನೆ ತಿರುಗಿಸುತ್ತ ಸಾಗುವ ಭಾರತ-ಪಾಕಿಸ್ತಾನದ ಡ್ರಿಬ್ಲಿಂಗ್ ಶೈಲಿಗೆ ಆ ಹೆಡ್ ಹೇಳಿ ಮಾಡಿಸಿದಂತಿತ್ತು.

ಆದರೆ ಸ್ಟಿಕ್‌ನ ಉದ್ದಕ್ಕೂ ಆಳವಾದ ಬಾಗು ಕೊಡುವುದು ಮರದಲ್ಲಿ ಸುಲಭವಿರಲಿಲ್ಲ. ಹೆಚ್ಚು ಬಗ್ಗಿಸಿದರೆ ನಾರು ದುರ್ಬಲಗೊಂಡು ಸ್ಟಿಕ್ ಸೀಳುವ ಭಯ. 1990ರ ದಶಕದಲ್ಲಿ ಗ್ಲಾಸ್ ಫೈಬರ್, ಅರಾಮಿಡ್ ಮತ್ತು ಕಾರ್ಬನ್ ನಾರುಗಳನ್ನು ರಾಳದೊಂದಿಗೆ ಅಚ್ಚಿನಲ್ಲಿ ಒತ್ತಿ ತಯಾರಿಸುವ ಕಾಂಪೋಸಿಟ್ ಸ್ಟಿಕ್‌ಗಳು ಬಂದ ಮೇಲೆ ಈ ಮಿತಿ ಇಲ್ಲವಾಯಿತು. ಅಚ್ಚು ಹೇಗಿದೆಯೋ ಸ್ಟಿಕ್ ಹಾಗೆ. ತಯಾರಕರು ಬಾಗನ್ನು ಬೇಕಾದಷ್ಟು ಆಳಕ್ಕೆ, ಬೇಕಾದ ಜಾಗಕ್ಕೆ ತರತೊಡಗಿದರು.

ಪರಿಣಾಮವಾಗಿ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ (ಎಫ್‌ಐಎಚ್) ಮಧ್ಯಪ್ರವೇಶಿಸಬೇಕಾಯಿತು. ಮೊದಲು ಬಾಗಿನ ಆಳಕ್ಕೆ 50 ಮಿ.ಮೀ. ಮಿತಿ ಹೇರಲಾಯಿತು. ಅದೂ ವಿಪರೀತವೆನಿಸಿದಾಗ 2006ರಲ್ಲಿ ಮಿತಿಯನ್ನು 25 ಮಿ.ಮೀ.ಗೆ ಇಳಿಸಲಾಯಿತು. ಬಾಗನ್ನು ಹೆಡ್‌ನ ಸಮೀಪಕ್ಕೆ ತಳ್ಳುವ ಪ್ರವೃತ್ತಿಗೂ ಕಡಿವಾಣ ಬಿತ್ತು. ಈಗಿನ ನಿಯಮದಂತೆ ಬಾಗಿನ ಅತಿ ಆಳದ ಬಿಂದು ಹೆಡ್‌ನ ಬುಡದಿಂದ 200 ಮಿ.ಮೀ.ಗಿಂತ ಹತ್ತಿರ ಇರುವಂತಿಲ್ಲ.

ಸ್ಟಿಕ್‌ನ ಇತರ ಅಳತೆಗಳಿಗೂ ಮಿತಿ ಇದೆ. ತೂಕ 737 ಗ್ರಾಂ ಮೀರಬಾರದು. ಉದ್ದ 105 ಸೆಂ.ಮೀ. ದಾಟಬಾರದು. ಸ್ಟಿಕ್ 51 ಮಿ.ಮೀ. ಒಳವ್ಯಾಸದ ಬಳೆಯೊಳಗೆ ನುಸುಳಬೇಕು. ಬಾಗು ಒಂದೇ ಸಮನೆ ನುಣುಪಾಗಿ ಸಾಗಿರಬೇಕೇ ಹೊರತು ಮುರಿದಂತೆ ತಿರುಗಿರಬಾರದು.

ಮೂರು ಬಗೆಯ ಬಾಗು

ಮಾರುಕಟ್ಟೆಯಲ್ಲಿರುವ ಸ್ಟಿಕ್‌ಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಸ್ಟ್ಯಾಂಡರ್ಡ್ ಬೋ: ಬಾಗಿನ ಆಳ ಸುಮಾರು 20 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ. ಅತಿ ಆಳದ ಬಿಂದು ಹೆಡ್‌ನಿಂದ ಸುಮಾರು 300 ಮಿ.ಮೀ. ದೂರದಲ್ಲಿ, ಅಂದರೆ ಸ್ಟಿಕ್‌ನ ಮಧ್ಯದತ್ತ ಇರುತ್ತದೆ. ಕೆಳಭಾಗ ಬಹುಮಟ್ಟಿಗೆ ನೇರ.

ಮಿಡ್ ಬೋ: ಆಳ ಸ್ವಲ್ಪ ಹೆಚ್ಚು. ಬಿಂದು ಸುಮಾರು 250 ಮಿ.ಮೀ. ದೂರದಲ್ಲಿ. ಕೆಲವು ಕಂಪೆನಿಗಳು ಇದನ್ನೇ 'ಲೇಟ್ ಬೋ' ಎನ್ನುತ್ತವೆ.

ಲೋ ಬೋ: ಆಳ ಅನುಮತಿಸಿದ ಗರಿಷ್ಠ ಮಿತಿಗೆ ಹತ್ತಿರ, ಅಂದರೆ ಸುಮಾರು 24 ಮಿ.ಮೀ. ಬಿಂದು 200ರಿಂದ 220 ಮಿ.ಮೀ. ಆಸುಪಾಸಿನಲ್ಲಿ. ಸ್ಟಿಕ್‌ನ ಕೆಳಭಾಗ ಸ್ಪಷ್ಟವಾಗಿ ಮುಂದಕ್ಕೆ ಚಾಚಿದಂತೆ ಕಾಣುತ್ತದೆ.

ಈ ಹೆಸರುಗಳನ್ನು ನಿಯಮಪುಸ್ತಕ ಹೇಳಿಲ್ಲ. ಅವು ಕಂಪೆನಿಗಳು ಇಟ್ಟ ಹೆಸರುಗಳು. ಹಾಗಾಗಿ ಒಂದು ಕಂಪೆನಿಯ 'ಲೇಟ್ ಬೋ' ಇನ್ನೊಂದು ಕಂಪೆನಿಯ 'ಲೋ ಬೋ'ಗೆ ಸಮೀಪವಿರಬಹುದು. ಹೆಸರನ್ನು ನಂಬುವುದಕ್ಕಿಂತ ಮಿಲಿಮೀಟರ್ ಲೆಕ್ಕವನ್ನು ನೋಡುವುದು ಕ್ಷೇಮ.

ಡ್ರ್ಯಾಗ್ ಫ್ಲಿಕ್‌ಗೆ ಲೋ ಬೋ ಏಕೆ?

ಇದಕ್ಕೆ ಉತ್ತರ ಪೆನಾಲ್ಟಿ ಕಾರ್ನರ್ ನಿಯಮದಲ್ಲೇ ಇದೆ. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಗೆರೆಯಿಂದ ತಳ್ಳಿದ ಚೆಂಡು 'ಡಿ' ವೃತ್ತದಿಂದ ಹೊರಹೋಗಬೇಕು. ಅನಂತರವೇ ಗೋಲಿಗೆ ಗುರಿಯಿಡಬಹುದು. ಮೊದಲ ಹೊಡೆತ 'ಹಿಟ್' ಆಗಿದ್ದರೆ ಚೆಂಡು ಗೋಲು ಗೆರೆ ದಾಟುವಾಗ 460 ಮಿ.ಮೀ.ಗಿಂತ ಎತ್ತರದಲ್ಲಿ ಇರುವಂತಿಲ್ಲ. ಇದು ಗೋಲಿನೊಳಗೆ ಕೆಳಭಾಗದಲ್ಲಿರುವ ಹಲಗೆಯ ಎತ್ತರ. ಗೋಲಿನ ಒಟ್ಟು ಎತ್ತರವಾದರೋ 2.14 ಮೀಟರ್. ಅಂದರೆ ಹಿಟ್ ಮಾಡುವವನಿಗೆ ಗೋಲಿನ ಸುಮಾರು ಐದನೇ ಒಂದು ಭಾಗವಷ್ಟೇ ತೆರೆದಿರುತ್ತದೆ.

ಫ್ಲಿಕ್‌ಗೆ ಈ ಎತ್ತರದ ಮಿತಿ ಇಲ್ಲ. ಅಪಾಯಕಾರಿಯಲ್ಲದಿದ್ದರೆ ಗೋಲಿನ ಮೇಲಿನ ಮೂಲೆಗೂ ಚೆಂಡನ್ನು ಕಳುಹಿಸಬಹುದು. ಚೆಂಡನ್ನು ಸ್ಟಿಕ್‌ಗೆ ಅಂಟಿಸಿಕೊಂಡು ಎಳೆದು, ಕವಣೆ ಬೀಸಿದಂತೆ ಎಸೆಯುವ ಡ್ರ್ಯಾಗ್ ಫ್ಲಿಕ್ ಪೆನಾಲ್ಟಿ ಕಾರ್ನರ್‌ನ ಪ್ರಮುಖ ಅಸ್ತ್ರವಾಗಿ ಬೆಳೆದದ್ದು ಹೀಗೆ. ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಈ ಕಲೆಯ ಬಲದಿಂದಲೇ ಅಂತರರಾಷ್ಟ್ರೀಯ ಹಾಕಿಯಲ್ಲಿ 348 ಗೋಲು ಗಳಿಸಿದರು. ಭಾರತದಲ್ಲಿ ಜುಗರಾಜ್ ಸಿಂಗ್, ಸಂದೀಪ್ ಸಿಂಗ್, ಕೊಡಗಿನ ವಿ.ಆರ್. ರಘುನಾಥ್, ರೂಪಿಂದರ್ ಪಾಲ್ ಸಿಂಗ್ ಅವರಿಂದ ಹರ್ಮನ್‌ಪ್ರೀತ್ ಅವರವರೆಗೆ ಈ ಪರಂಪರೆ ಮುಂದುವರಿದಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯ ವಿರುದ್ಧ ಭಾರತ ಮಹಿಳೆಯರಿಗೆ 1-0 ಗೆಲುವು ತಂದದ್ದೂ ಪೆನಾಲ್ಟಿ ಕಾರ್ನರ್‌ನಲ್ಲಿ ಗುರ್ಜೀತ್ ಕೌರ್ ಗಳಿಸಿದ ಗೋಲು.

ಡ್ರ್ಯಾಗ್ ಫ್ಲಿಕ್ ಮಾಡುವಾಗ ಆಟಗಾರ ಬಹಳ ತಗ್ಗಿ, ಸ್ಟಿಕ್ ಅನ್ನು ನೆಲಕ್ಕೆ ಹತ್ತಿರವಾಗಿ ಓರೆ ಹಿಡಿಯುತ್ತಾನೆ. ಹಿಂದೆ ಇರುವ ಚೆಂಡನ್ನು ಸ್ಟಿಕ್‌ನ ಕೆಳಭಾಗದಲ್ಲಿ ಸಿಕ್ಕಿಸಿಕೊಂಡು ಒಂದು ಮೀಟರ್‌ಗೂ ಹೆಚ್ಚು ದೂರ ಎಳೆಯುತ್ತಾನೆ. ಈ ಹೊತ್ತಿನಲ್ಲಿ ಚೆಂಡು ಸ್ಟಿಕ್‌ನ ಮುಖದ ಮೇಲೆ ಜಾರುತ್ತ ಹೆಡ್‌ನತ್ತ ಬರುತ್ತದೆ. ಕೊನೆಗೆ ಸೊಂಟ, ಭುಜ ಮತ್ತು ಮಣಿಕಟ್ಟುಗಳ ತಿರುವಿನೊಂದಿಗೆ ಚಿಮ್ಮುತ್ತದೆ. ಶ್ರೇಷ್ಠ ಆಟಗಾರರ ಫ್ಲಿಕ್‌ನ ವೇಗ ಗಂಟೆಗೆ 100 ಕಿ.ಮೀ. ದಾಟುವುದುಂಟು.

ಇಷ್ಟೂ ಹೊತ್ತು ಚೆಂಡು ಸ್ಟಿಕ್‌ನಿಂದ ತಪ್ಪಿಸಿಕೊಳ್ಳಬಾರದು. ಲೋ ಬೋ ಸ್ಟಿಕ್‌ನಲ್ಲಿ ಬಾಗಿನ ಆಳ ಹೆಡ್‌ಗೆ ಹತ್ತಿರವಿರುವುದರಿಂದ ಅಲ್ಲಿ ಬೊಗಸೆಯಂತಹ ಜಾಗ ಏರ್ಪಡುತ್ತದೆ. ಚೆಂಡು ಅದರಲ್ಲಿ ನೆಲೆ ನಿಲ್ಲುತ್ತದೆ. ಹೆಚ್ಚು ಹೊತ್ತು ಅಂಟಿಕೊಂಡಿದ್ದಷ್ಟೂ ಅದಕ್ಕೆ ಹೆಚ್ಚು ವೇಗ ತುಂಬಲು ಸಾಧ್ಯ. ಲೋ ಬೋದ ಲಾಭ ಇದೇ. ಕೆಲವು ಸ್ಟಿಕ್‌ಗಳ ಮುಖದಲ್ಲಿ ಇದೇ ಉದ್ದೇಶಕ್ಕೆ ಉದ್ದನೆಯ ಸಣ್ಣ ತಗ್ಗನ್ನೂ ಕೊಟ್ಟಿರುತ್ತಾರೆ.

ಹಿಟ್‌ಗೆ ಅದೇ ಬಾಗು ತೊಡಕು

ಹಿಟ್‌ನಲ್ಲಿ ಪರಿಸ್ಥಿತಿ ಪೂರ್ತಿ ಬೇರೆ. ಚೆಂಡು ಮತ್ತು ಸ್ಟಿಕ್ ಒಂದನ್ನೊಂದು ಮುಟ್ಟುವುದು ಕಣ್ಣೆವೆ ಇಕ್ಕುವುದಕ್ಕೂ ಕಡಿಮೆ ಸಮಯ. ಆ ಕ್ಷಣದಲ್ಲಿ ಹೆಡ್‌ನ ಮುಖ ಯಾವ ಕೋನದಲ್ಲಿದೆ ಎಂಬುದೇ ಚೆಂಡಿನ ಹಾದಿಯನ್ನು ನಿರ್ಧರಿಸುತ್ತದೆ. ಮುಖ ನೆಲಕ್ಕೆ ನೆಟ್ಟಗಿದ್ದರೆ ಚೆಂಡು ನೆಲದ ಮೇಲೆ ಸಾಗುತ್ತದೆ. ಮುಖ ಕೊಂಚ ಆಕಾಶದತ್ತ ತೆರೆದುಕೊಂಡರೆ ಚೆಂಡು ಏಳುತ್ತದೆ.

ಲೋ ಬೋ ಸ್ಟಿಕ್ ಅನ್ನು ನೇರವಾಗಿ ಹಿಡಿದು ನೋಡಿದರೆ ಸಂಗತಿ ಅರ್ಥವಾಗುತ್ತದೆ. ಹಿಡಿ ನೆಟ್ಟಗಿದ್ದರೂ ಸ್ಟಿಕ್‌ನ ಕೆಳಭಾಗ ಮುಂದಕ್ಕೆ ಚಾಚಿರುವುದರಿಂದ ಹೆಡ್‌ನ ಮುಖ ಸಲಿಕೆಯಂತೆ ಮೇಲ್ಮುಖವಾಗಿರುತ್ತದೆ. ನೇರ ಸ್ಟಿಕ್‌ಗೆ ಒಗ್ಗಿಹೋದ ಕೈ ಅದೇ ಅಭ್ಯಾಸದಲ್ಲಿ ಬೀಸಿದಾಗ ಚೆಂಡು ಮೇಲೇಳುವುದಕ್ಕೆ ಇದೇ ಕಾರಣ.

ಇದನ್ನು ಸರಿದೂಗಿಸಲು ಸಾಧ್ಯ. ಹೊಡೆಯುವ ಕ್ಷಣದಲ್ಲಿ ಕೈಗಳು ಚೆಂಡಿಗಿಂತ ಮುಂದಿರಬೇಕು. ಆಗ ಸ್ಟಿಕ್‌ನ ಮೇಲ್ಭಾಗ ಮುಂದಕ್ಕೆ ವಾಲಿ ಹೆಡ್‌ನ ಮುಖ ನೆಟ್ಟಗಾಗುತ್ತದೆ. ವರ್ಷಗಟ್ಟಲೆ ದಿನವೂ ಅಭ್ಯಾಸ ಮಾಡುವ ರಾಷ್ಟ್ರೀಯ ಆಟಗಾರರಿಗೆ ಇದು ರೂಢಿಯಾಗಿರುತ್ತದೆ. ವಾರಕ್ಕೆ ಮೂರು ದಿನ ಸಂಜೆ ಆಡುವ ಹದಿಮೂರು ವರ್ಷದ ಬಾಲಕನಿಂದ ಅಥವಾ ಬಾಲಕಿಯಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ಎದುರಾಳಿ ಮೈಮೇಲೆ ಬರುತ್ತಿರುವಾಗ ಅವಸರದಲ್ಲಿ ಹೊಡೆಯುವ ಹೊಡೆತದಲ್ಲಂತೂ ಹಳೆಯ ಅಭ್ಯಾಸವೇ ಮೇಲುಗೈ ಪಡೆಯುತ್ತದೆ.

ಇಲ್ಲಿ ಸುರಕ್ಷತೆಯ ಪ್ರಶ್ನೆಯೂ ಇದೆ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟೇ ತೂಕ, ಅಷ್ಟೇ ಗಟ್ಟಿ. ಗೋಲಿಗೆ ಗುರಿಯಿಡುವ ಸಂದರ್ಭ ಬಿಟ್ಟರೆ ಉಳಿದೆಡೆ ಹಿಟ್‌ನಿಂದ ಚೆಂಡನ್ನು ಉದ್ದೇಶಪೂರ್ವಕವಾಗಿ ಮೇಲೆಬ್ಬಿಸುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಉದ್ದೇಶವಿಲ್ಲದಿದ್ದರೂ ಎದ್ದ ಚೆಂಡು ಅಪಾಯಕಾರಿಯಾದರೆ ಅದು ಫೌಲ್. ಐದು ಮೀಟರ್ ಅಂತರದೊಳಗಿನ ಎದುರಾಳಿಯತ್ತ ಫ್ಲಿಕ್ ಅಥವಾ ಸ್ಕೂಪ್ ಮೂಲಕ ಚೆಂಡನ್ನು ಎಬ್ಬಿಸುವುದೂ ಅಪಾಯಕಾರಿ ಆಟವೆನಿಸುತ್ತದೆ. ಪೆನಾಲ್ಟಿ ಕಾರ್ನರ್ ತಡೆಯುವ ಹಿರಿಯ ಆಟಗಾರರು ಮುಖಕವಚ ಧರಿಸಿ ನಿಲ್ಲುತ್ತಾರೆ. ಶಾಲಾ ಮೈದಾನದಲ್ಲಿ ಎದುರಿಗೆ ನಿಂತ ಮಗುವಿನ ಮುಖಕ್ಕೆ ಯಾವ ಕವಚವೂ ಇರುವುದಿಲ್ಲ.

ಚೆಂಡನ್ನು ತಡೆದು ನಿಲ್ಲಿಸುವಾಗಲೂ ಇದೇ ತೊಡಕು. ಮುಖ ಮೇಲ್ಮುಖವಾಗಿದ್ದರೆ ವೇಗವಾಗಿ ಬಂದ ಚೆಂಡು ಸ್ಟಿಕ್‌ಗೆ ಬಡಿದು ಮೇಲಕ್ಕೆ ಪುಟಿಯುತ್ತದೆ. ಬಿಗಿ ಆಟದಲ್ಲಿ ಆ ಒಂದು ಪುಟಿತ ಸಾಕು, ಚೆಂಡು ಎದುರಾಳಿಯ ಪಾಲಾಗಲು.

ಯಾರಿಗೆ ಯಾವುದು ಸೂಕ್ತ?

ಹಾಗೆಂದು ಲೋ ಬೋ ಕೆಟ್ಟದ್ದು, ಸ್ಟ್ಯಾಂಡರ್ಡ್ ಬೋ ಒಳ್ಳೆಯದು ಎಂದೇನೂ ಅಲ್ಲ. ಆಟಗಾರನ ಸ್ಥಾನ ಮತ್ತು ಅವನ ಮುಖ್ಯ ಹೊಡೆತಕ್ಕೆ ತಕ್ಕಂತೆ ಆಯ್ಕೆ ಬದಲಾಗುತ್ತದೆ.

ಉದ್ದನೆಯ, ಬಲವಾದ ಹಿಟ್‌ಗಳಿಂದ ಚೆಂಡನ್ನು ಹಂಚುವ ಫುಲ್‌ಬ್ಯಾಕ್ ಮತ್ತು ಹಾಫ್‌ಬ್ಯಾಕ್ ಆಟಗಾರರಿಗೆ ಸ್ಟ್ಯಾಂಡರ್ಡ್ ಬೋ ಅನುಕೂಲ. ಕೆಳಭಾಗ ನೇರವಿರುವುದರಿಂದ ಚೆಂಡು ನೆಲ ಬಿಡದೆ ಸಾಗುತ್ತದೆ. ತಡೆಯುವುದೂ ಸುಲಭ. ಎದುರಾಳಿಯ ಚೆಂಡನ್ನು ಕಸಿಯುವಾಗ ಸ್ಟಿಕ್ ಎಲ್ಲಿ ತಾಗುತ್ತದೆ ಎಂಬ ಅಂದಾಜು ತಪ್ಪುವುದಿಲ್ಲ.

ಮಧ್ಯಮೈದಾನದ ಆಟಗಾರರು ಹಿಟ್, ಪುಶ್, ಸ್ಲ್ಯಾಪ್, ಡ್ರಿಬ್ಲಿಂಗ್ ಎಲ್ಲವನ್ನೂ ಆಡಬೇಕು. ಅವರಿಗೆ ಮಿಡ್ ಬೋ ಹೊಂದುತ್ತದೆ. ಪುಶ್ ಮಾಡುವಾಗ ಚೆಂಡಿಗೆ ತಕ್ಕಮಟ್ಟಿನ ಆಸರೆ ಸಿಗುತ್ತದೆ; ಹಿಟ್ ಮಾಡುವಾಗ ಮುಖ ಅತಿಯಾಗಿ ತೆರೆದುಕೊಳ್ಳುವುದಿಲ್ಲ.

ಚೆಂಡನ್ನು ಎದುರಾಳಿಯ ಸ್ಟಿಕ್ ಮೇಲಿಂದ ಎತ್ತಿ ದಾಟಿಸುವ, ವೃತ್ತದೊಳಗೆ ಗೋಲ್‌ಕೀಪರ್ ತಲೆಯ ಮೇಲಿಂದ ಸ್ಕೂಪ್ ಮಾಡುವ ಚುರುಕಿನ ಫಾರ್ವರ್ಡ್‌ಗಳಲ್ಲಿ ಕೆಲವರು ಲೋ ಬೋ ಮೆಚ್ಚುತ್ತಾರೆ. ಮುಖ ಸಹಜವಾಗಿಯೇ ಚೆಂಡಿನ ಅಡಿಗೆ ಹೋಗುವುದರಿಂದ ಎತ್ತುವುದಕ್ಕೆ ಕಡಿಮೆ ಶ್ರಮ ಸಾಕು. ಆದರೆ ದೂರದಿಂದ ಹಿಟ್ ಮಾಡಿ ಗೋಲು ಹುಡುಕುವ ಫಾರ್ವರ್ಡ್‌ಗೆ ಮಿಡ್ ಬೋ ಹೆಚ್ಚು ನಂಬಿಕೆಯ ಜೊತೆಗಾರ.

ತಂಡದ ಪೆನಾಲ್ಟಿ ಕಾರ್ನರ್ ಹೊಣೆ ಹೊತ್ತ, ಡ್ರ್ಯಾಗ್ ಫ್ಲಿಕ್ ಅನ್ನು ತರಬೇತುದಾರರ ಕಣ್ಗಾವಲಿನಲ್ಲಿ ನಿತ್ಯವೂ ಅಭ್ಯಾಸ ಮಾಡುವ ಆಟಗಾರನಿಗೆ ಲೋ ಬೋ ಬೇಕೇಬೇಕು. ಹನ್ನೊಂದು ಮಂದಿಯ ತಂಡದಲ್ಲಿ ಇಂತಹವರು ಒಬ್ಬರೋ ಇಬ್ಬರೋ ಇರುತ್ತಾರೆ. ಉಳಿದ ಎಂಟೊಂಬತ್ತು ಮಂದಿ ಅದೇ ಸ್ಟಿಕ್ ಕೊಂಡರೆ ಆಡದ ಹೊಡೆತಕ್ಕಾಗಿ ಆಡುವ ಹೊಡೆತಗಳನ್ನು ಬಿಟ್ಟುಕೊಟ್ಟಂತೆ.

ಹೊಸದಾಗಿ ಕಲಿಯುವವರಿಗೆ ಸ್ಟ್ಯಾಂಡರ್ಡ್ ಅಥವಾ ಮಿಡ್ ಬೋ ಸಾಕು. ಹಿಟ್, ಪುಶ್ ಮತ್ತು ಚೆಂಡು ತಡೆಯುವುದು ಕೈಗೆ ಕೂಡುವ ಮೊದಲೇ ಆಳದ ಬಾಗಿಗೆ ಹೋದರೆ, ಸ್ಟಿಕ್‌ನ ಓರೆಯನ್ನು ಸರಿದೂಗಿಸುವ ತಪ್ಪು ಭಂಗಿಗಳು ಅಭ್ಯಾಸವಾಗಿ ಉಳಿದುಬಿಡುವ ಅಪಾಯವಿದೆ.

ಮೈದಾನವನ್ನೂ ನೋಡಬೇಕು

ಬಾಗಿನ ಚರ್ಚೆಯಲ್ಲಿ ಮರೆತುಹೋಗುವ ಸಂಗತಿಯೆಂದರೆ ಆಡುವ ನೆಲ. ಒಲಿಂಪಿಕ್ಸ್ ಹಾಕಿ 1976ರ ಮಾಂಟ್ರಿಯಲ್ ಕೂಟದಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಡ್ರ್ಯಾಗ್ ಫ್ಲಿಕ್ ಈ ಹಾಸಿನ ಕೂಸು. ನುಣುಪಾದ ನೆಲದಲ್ಲಿ ಚೆಂಡು ಕುಪ್ಪಳಿಸದೆ ಉರುಳುವುದರಿಂದಲೇ ಅದನ್ನು ಸ್ಟಿಕ್‌ಗೆ ಅಂಟಿಸಿಕೊಂಡು ಅಷ್ಟು ದೂರ ಎಳೆಯಲು ಸಾಧ್ಯ.

ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಹಾಕಿ ಕ್ರೀಡಾಂಗಣದಂತಹ ಟರ್ಫ್ ಅಂಗಣಗಳಲ್ಲಿ ನಿತ್ಯ ಅಭ್ಯಾಸ ಮಾಡುವವರಿಗೆ ಲೋ ಬೋದ ಪ್ರಯೋಜನ ದೊರೆಯುತ್ತದೆ. ಆದರೆ ರಾಜ್ಯದ ಬಹುಪಾಲು ಶಾಲೆ, ಕಾಲೇಜುಗಳ ಮಕ್ಕಳು ಹಾಕಿ ಕಲಿಯುವುದು ಮಣ್ಣು ಅಥವಾ ಹುಲ್ಲಿನ ಮೈದಾನದಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರ ಮುತುವರ್ಜಿಯಿಂದ ಕೊಡಗಿನ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ ನೂರಾರು ಕುಟುಂಬ ತಂಡಗಳ ಕೂಟವಾಗಿ ಬೆಳೆದದ್ದೂ ಊರಿನ ಮೈದಾನಗಳಲ್ಲೇ.

ಇಂತಹ ನೆಲದಲ್ಲಿ ಸಣ್ಣ ಕಲ್ಲಿಗೋ ಗರಿಕೆಯ ಗಂಟಿಗೋ ತಾಗಿ ಚೆಂಡು ಜಿಗಿಯುತ್ತದೆ. ಉದ್ದನೆಯ ಎಳೆತ ಕೈಗೂಡುವುದು ಅಪರೂಪ. ಅಲ್ಲಿ ಬೇಕಾದುದು ಜಿಗಿದು ಬರುವ ಚೆಂಡನ್ನು ಭದ್ರವಾಗಿ ತಡೆಯುವ ಹಾಗೂ ನೇರವಾಗಿ ಹೊಡೆಯುವ ಸ್ಟಿಕ್. ಮೇಲ್ಮುಖದ ಹೆಡ್ ಇದ್ದರೆ ಜಿಗಿದ ಚೆಂಡು ಇನ್ನಷ್ಟು ಜಿಗಿಯುತ್ತದೆ. ಮಣ್ಣಿನ ಮೈದಾನದಲ್ಲಿ ದುಬಾರಿ ಕಾರ್ಬನ್ ಸ್ಟಿಕ್‌ನ ಹೆಡ್ ಉಜ್ಜಿ ಉಜ್ಜಿ ಬೇಗ ಸವೆಯುತ್ತದೆ ಎಂಬುದೂ ಗಮನಾರ್ಹ. ಬುಡಕ್ಕೆ ಟೇಪ್ ಸುತ್ತುವುದು ಒಂದು ಪರಿಹಾರ. ಮಣ್ಣಿಗೊಂದು, ಟರ್ಫ್‌ಗೊಂದು ಎಂದು ಎರಡು ಸ್ಟಿಕ್ ಇಟ್ಟುಕೊಳ್ಳುವುದು ಇನ್ನೊಂದು.

ಅಂಗಡಿಯಲ್ಲೇ ಪರೀಕ್ಷೆ

ಬಾಗನ್ನು ಅಳೆಯಲು ದೊಡ್ಡ ಸಲಕರಣೆ ಬೇಕಿಲ್ಲ. ಸಮತಟ್ಟಾದ ಮೇಜು ಮತ್ತು ಒಂದು ಅಳತೆಪಟ್ಟಿ ಸಾಕು.

ಸ್ಟಿಕ್‌ನ ಚಪ್ಪಟೆ ಮುಖ ಕೆಳಗೆ ಬರುವಂತೆ ಮೇಜಿನ ಮೇಲಿಡಬೇಕು. ಪಕ್ಕದಿಂದ ಕಣ್ಣಿಟ್ಟು ನೋಡಿದರೆ ಸಂದು ಅತಿ ಹೆಚ್ಚಿರುವ ಜಾಗ ತಿಳಿಯುತ್ತದೆ. ಅಲ್ಲಿ ಪಟ್ಟಿಯನ್ನು ನಿಲ್ಲಿಸಿ ಮೇಜಿನಿಂದ ಸ್ಟಿಕ್‌ವರೆಗಿನ ಎತ್ತರ ಅಳೆಯಬೇಕು. ಅದು 25 ಮಿ.ಮೀ. ಮೀರಿದರೆ ಸ್ಟಿಕ್ ನಿಯಮಬಾಹಿರ. ಅಧಿಕೃತ ಪಂದ್ಯದಲ್ಲಿ ಬಳಸುವಂತಿಲ್ಲ. ಬಳಿಕ ಆ ಜಾಗದಿಂದ ಹೆಡ್‌ನ ಬುಡದವರೆಗಿನ ದೂರವನ್ನು ಅಳೆಯಬೇಕು. 200ರ ಆಸುಪಾಸು ಇದ್ದರೆ ಲೋ ಬೋ, 250ರ ಆಸುಪಾಸು ಇದ್ದರೆ ಮಿಡ್ ಬೋ, 300ರ ಆಸುಪಾಸು ಇದ್ದರೆ ಸ್ಟ್ಯಾಂಡರ್ಡ್ ಎಂದು ತಿಳಿಯಬಹುದು.

ಎರಡನೆಯ ಪರೀಕ್ಷೆ ಕೈಯದ್ದು. ಪುಶ್ ಮಾಡುವ ಭಂಗಿಯಲ್ಲಿ ನಿಂತು ಸ್ಟಿಕ್ ಅನ್ನು ಸಹಜವಾಗಿ ನೆಲಕ್ಕೆ ತಾಗಿಸಬೇಕು. ಜೊತೆಯಲ್ಲಿ ಬಂದವರು ಪಕ್ಕದಿಂದ ಹೆಡ್‌ನ ಮುಖವನ್ನು ನೋಡಬೇಕು. ಅದು ಆಕಾಶ ನೋಡುತ್ತಿದ್ದರೆ, ನೆಟ್ಟಗಾಗಲು ಕೈಗಳನ್ನು ಎಷ್ಟು ಮುಂದಕ್ಕೆ ತರಬೇಕಾಗುತ್ತದೆ ಎಂದು ಪರೀಕ್ಷಿಸಬೇಕು. ಆ ಭಂಗಿ ಒತ್ತಾಯದ್ದೆನಿಸಿದರೆ ಆ ಬಾಗು ಸದ್ಯಕ್ಕೆ ಹೊಂದುವುದಿಲ್ಲ ಎಂದೇ ಅರ್ಥ.

ಸಾಧ್ಯವಾದರೆ ಕೊಳ್ಳುವ ಮೊದಲು ತಂಡದ ಸಹ ಆಟಗಾರರ ಸ್ಟಿಕ್ ಎರವಲು ಪಡೆದು ಆಡುವುದು ಎಲ್ಲಕ್ಕಿಂತ ಒಳ್ಳೆಯದು. 20 ಹಿಟ್, 20 ಪುಶ್, 20 ಬಾರಿ ಚೆಂಡು ತಡೆ. ಎಷ್ಟು ಬಾರಿ ಚೆಂಡು ನೆಲ ಬಿಟ್ಟಿತು ಎಂದು ಎಣಿಸಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಬಾಗು ಒಂದೇ ಅಲ್ಲ

ಉದ್ದ, ತೂಕ ಮತ್ತು ಕಾರ್ಬನ್ ಪ್ರಮಾಣವೂ ಹೊಡೆತವನ್ನು ಪ್ರಭಾವಿಸುತ್ತವೆ. ಕಾರ್ಬನ್ ಹೆಚ್ಚಿದಷ್ಟೂ ಸ್ಟಿಕ್ ಬಿಗಿಯಾಗಿ, ಹೊಡೆತಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ. ಆದರೆ ಚೆಂಡು ತಾಗಿದಾಗಿನ ಅದುರು ಕೈಗೆ ತಟ್ಟುತ್ತದೆ. ತಡೆದ ಚೆಂಡು ದೂರ ಪುಟಿಯುತ್ತದೆ. ಬೆಳೆಯುವ ವಯಸ್ಸಿನ ಮಕ್ಕಳಿಗೆ ಗ್ಲಾಸ್ ಫೈಬರ್ ಹೆಚ್ಚಿರುವ ಅಥವಾ ಮರದ ಸ್ಟಿಕ್ ಹೆಚ್ಚು ಹಿತ. ಭಾರವಾದ ಸ್ಟಿಕ್ ಹಿಟ್‌ಗೆ ಬಲ ಕೊಟ್ಟರೆ ಹಗುರ ಸ್ಟಿಕ್ ಡ್ರಿಬ್ಲಿಂಗ್‌ಗೆ ವೇಗ ಕೊಡುತ್ತದೆ. ಮಗು ಬೆಳೆದಾಗ ಬಳಸಲಿ ಎಂದು ಉದ್ದನೆಯ ಸ್ಟಿಕ್ ಕೊಡಿಸುವ ರೂಢಿ ಸರಿಯಲ್ಲ. ಉದ್ದದ ಸ್ಟಿಕ್ ಹಿಡಿದ ಮಗು ನೆಟ್ಟಗೆ ನಿಂತು ಆಡುವುದನ್ನು ಕಲಿಯುತ್ತದೆ. ಹಾಕಿಯಲ್ಲಿ ಬೇಕಾದುದು ತಗ್ಗಿದ ಭಂಗಿ.

ಐಸ್ ಹಾಕಿಯಲ್ಲೂ ಅದೇ ಕಥೆ

ಬಾಗಿನ ಆಸೆ ಮತ್ತು ಅದಕ್ಕೆ ಬೀಳುವ ಕಡಿವಾಣ ನಮ್ಮ ಹಾಕಿಗಷ್ಟೇ ಸೀಮಿತವಲ್ಲ. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಸ್ಟಿಕ್‌ನ ತುದಿಯ ಅಲಗನ್ನೇ ಬಗ್ಗಿಸುತ್ತಾರೆ. 1960ರ ದಶಕದಲ್ಲಿ ಶಿಕಾಗೊ ತಂಡದ ಸ್ಟಾನ್ ಮಿಕಿಟಾ ಮತ್ತು ಬಾಬಿ ಹಲ್ ಬಾಳೆಹಣ್ಣಿನಂತೆ ಬಾಗಿದ ಅಲಗಿನಿಂದ ಆಡಿ ಗೋಲ್‌ಕೀಪರ್‌ಗಳನ್ನು ಕಂಗೆಡಿಸಿದರು. ಅನಂತರ ಅಲ್ಲಿನ ನ್ಯಾಷನಲ್ ಹಾಕಿ ಲೀಗ್ ಬಾಗಿಗೆ ಮಿತಿ ಹೇರಿತು. 1993ರ ಸ್ಟಾನ್ಲಿ ಕಪ್ ಫೈನಲ್ ಸರಣಿಯ ಎರಡನೇ ಪಂದ್ಯದಲ್ಲಿ ಲಾಸ್ ಏಂಜಲಿಸ್ ತಂಡ ಮುನ್ನಡೆಯಲ್ಲಿದ್ದಾಗ ಮಾಂಟ್ರಿಯಲ್ ತಂಡದವರು ಎದುರಾಳಿ ಮಾರ್ಟಿ ಮೆಕ್‌ಸೋರ್ಲಿಯ ಸ್ಟಿಕ್ ಅಳೆಯುವಂತೆ ಕೋರಿದರು. ಬಾಗು ಮಿತಿ ಮೀರಿತ್ತು. ದಂಡನೆಯ ಲಾಭ ಪಡೆದ ಮಾಂಟ್ರಿಯಲ್ ಗೋಲು ಸಮ ಮಾಡಿ, ಪಂದ್ಯವನ್ನೂ ಕೊನೆಗೆ ಕಪ್ಪನ್ನೂ ಗೆದ್ದಿತು. ಅಲ್ಲೂ ಆಳವಾದ ಬಾಗು ಮುಂಗೈ ಹೊಡೆತವನ್ನು ಎತ್ತರಿಸುತ್ತದೆ. ಹಿಂಗೈ ಹೊಡೆತವನ್ನು ಕೆಡಿಸುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು ಎಂಬ ಲೆಕ್ಕ ಎರಡೂ ಆಟಗಳಲ್ಲಿ ಒಂದೇ.

ಕೊಳ್ಳುವ ಮುನ್ನ ಗಮನಿಸಿ

* ಒಂದು ಪಂದ್ಯದಲ್ಲಿ ಯಾವ ಹೊಡೆತವನ್ನು ಹೆಚ್ಚು ಆಡಲಾಗುತ್ತದೆ ಎಂದು ಮೊದಲು ಎಣಿಸಿ.

* ಹಿಟ್ ಹೆಚ್ಚಿದ್ದರೆ ಸ್ಟ್ಯಾಂಡರ್ಡ್, ಎಲ್ಲವೂ ಇದ್ದರೆ ಮಿಡ್, ಪೆನಾಲ್ಟಿ ಕಾರ್ನರ್ ಹೊಣೆಯಿದ್ದರೆ ಲೋ ಬೋ.

* ಬಾಗಿನ ಆಳದ ಜೊತೆಗೆ ಅದು ಇರುವ ಜಾಗವನ್ನೂ ಅಳೆಯಿರಿ. ಆಳ 25 ಮಿ.ಮೀ. ಮೀರಬಾರದು; ಜಾಗ ಹೆಡ್‌ನ ಬುಡಕ್ಕೆ 200 ಮಿ.ಮೀ.ಗಿಂತ ಹತ್ತಿರ ಇರಬಾರದು.

* ಮಣ್ಣು, ಹುಲ್ಲಿನ ಮೈದಾನದಲ್ಲೇ ಹೆಚ್ಚು ಆಡುವವರು ನೇರ ಸ್ಟಿಕ್‌ಗೆ ಆದ್ಯತೆ ನೀಡಿ.

* ಹೊಸ ಬಾಗಿಗೆ ಬದಲಾದಾಗ ಕನಿಷ್ಠ ಕೆಲವು ವಾರ ಅಭ್ಯಾಸದಲ್ಲಷ್ಟೇ ಬಳಸಿ. ಪಂದ್ಯಕ್ಕೆ ಹಳೆಯ ಸ್ಟಿಕ್ಕೇ ಇರಲಿ.

* ತರಬೇತುದಾರರ ಸಲಹೆ ಇಲ್ಲದೆ ಮಕ್ಕಳಿಗೆ ಲೋ ಬೋ ಕೊಡಿಸಬೇಡಿ.

ಹರ್ಮನ್‌ಪ್ರೀತ್ ಅಥವಾ ಗುರ್ಜೀತ್ ಅವರ ಫ್ಲಿಕ್ ಹಿಂದೆ ಇರುವುದು ಸಾವಿರಾರು ಗಂಟೆಗಳ ಬೆವರು. ಬಾಗು ಆ ಬೆವರಿಗೆ ಒದಗಿದ ಸಾಧನ ಮಾತ್ರ. ಆ ಅಭ್ಯಾಸದ ಹಾದಿಗೆ ಇಳಿದವರಿಗೆ ಆಳದ ಬಾಗು ನೆರವಾಗುತ್ತದೆ. ಉಳಿದವರಿಗೆ ಚೆಂಡನ್ನು ನೆಲದ ಮೇಲೆ, ಅಂದುಕೊಂಡ ಕಡೆಗೆ, ಅಂದುಕೊಂಡ ವೇಗದಲ್ಲಿ ಕಳುಹಿಸುವ ಸ್ಟಿಕ್ಕೇ ಅತ್ಯುತ್ತಮ ಸ್ಟಿಕ್. ಅದು ಅಂಗಡಿಯಲ್ಲಿ ಅತಿ ಕಡಿಮೆ ಬೆಲೆಯ ಸಾಲಿನಲ್ಲಿ ನಿಂತಿದ್ದರೂ ಸರಿಯೇ.